ಅಯ್ಯಣ್ಣನ ಹೊಲಕ್ಕೆ ತಡವಾಗಿ ಬಂದ ನಡುಕ

ಸೇತುವೆ ತನ್ನ ಹೊಲಕ್ಕೇ ಬರುತ್ತದೆ, ಜನ ಅದನ್ನು ಅಯ್ಯಣ್ಣನ ಸೇತುವೆ ಅಂತಲೇ ಕರೆಯುತ್ತಾರೆ ಎಂದು ಅಯ್ಯಣ್ಣ ದೇವಸುಗೂರಿನ ಚಹಾದಂಗಡಿಯಲ್ಲಿ ಸಾರಿಬಿಟ್ಟಿದ್ದ. ಪಾಪ, ಹೊಗಳಿಕೊಳ್ಳುವ ಚಟವೊಂದು ಬಿಟ್ಟರೆ ಒಳ್ಳೆಯ ಮನುಷ್ಯ. ಕೃಷ್ಣೆಯ ನಡುಗಡ್ಡೆಯಲ್ಲಿ ಮೂಡಣ ತುದಿ ಅವನದು, ಪಡುವಣ ತುದಿ ಅಮೀರ್ ಸಾಬನದು. ಯಾರ ನೆಲದಡಿ ಗಟ್ಟಿ ಬಂಡೆಯಿದೆಯೋ ಅಲ್ಲಿಗೆ ಸೇತುವೆ. ಎಪ್ಪತ್ತೆಂಟರ ಬೇಸಿಗೆಯಲ್ಲಿ ಅದನ್ನು ಪರೀಕ್ಷಿಸಲು ಸರ್ಕಾರದ ಭೂವಿಜ್ಞಾನಿ ಸಲಾವುದ್ದೀನ್ ಸಾಹೇಬರು ಬಂದರು.

"ಎರಡೂ ಹೊಲಕ್ಕ ಸಮ ದೂರ ನೋಡಿ, ದಂಡಿಮ್ಯಾಲ ಮದ್ದು ಹಾರಸ್ತೀವಿ. ನೆಲದಾಗಿಂದ ನಡುಕ ಎರಡೂ ಹೊಲದಾಗ ಇಟ್ಟ ಈ ಪೆಟ್ಟಿಗಿಗೆ ಬರ್ತದ. ಕಲ್ಲು ಗಟ್ಟಿ ಇದ್ರ ಲಗೂ ಬರ್ತದ, ಒಡದಿದ್ರ ತಡಾ ಆಗ್ತದ," ಎಂದರು ಸಾಹೇಬರು.

"ನಂದು ಅಖಂಡ ಕಲ್ಲು ರೀ. ನಮ್ಮಜ್ಜನ ನೇಗಿಲಾನೇ ಮುರದದ," ಎಂದ ಅಯ್ಯಣ್ಣ.

ಮದ್ದು ಹಾರಿತು. ಅಮೀರ್ ಸಾಬನ ಪೆಟ್ಟಿಗೆಗೆ ನಡುಕ ಕೂಡಲೇ ಬಂತು. ಅಯ್ಯಣ್ಣನದಕ್ಕೆ ತಡವಾಯಿತು.

"ನಮ್ಮಾಕಿ ಖಾರ ಕುಟ್ಟಾಕತ್ತಾಳ್ರಿ. ಆ ಸಪ್ಪಳಕ್ಕ ನಡುಕ ಅಂಜಿ ನಿಂತದ," ಎಂದು ಅಯ್ಯಣ್ಣ ಓಡಿಹೋಗಿ ಹೆಂಡತಿ ಮೂಕಮ್ಮನ ಒನಕೆ ಕಸಿದುಕೊಂಡ.

ಎರಡನೆಯ ಸಲವೂ ತಡವೇ. ಈಗ ತಪ್ಪು ಪಕ್ಕದಲ್ಲಿ ಕಟ್ಟಿದ್ದ ಆಡಿನ ಮೇಲೆ ಬಂತು, ಅದು ಕುಣಿಯಿತಂತೆ.

"ಏ ಅಯ್ಯಣ್ಣ, ಇನ್ನ ಹೊಳೀಗೂ ನಿಲ್ಲು ಅಂತ ಹೇಳು," ಎಂದ ಅಮೀರ್ ಸಾಬ.

ಮೂರನೆಯ ಸಲ ಅಯ್ಯಣ್ಣ ಆಡನ್ನು ಎತ್ತಿಕೊಂಡು ಪೆಟ್ಟಿಗೆಯ ಪಕ್ಕದಲ್ಲೇ ನಿಂತ. ಚಹಾದಂಗಡಿಯ ಮುಖಗಳೆಲ್ಲ ಕಣ್ಣ ಮುಂದೆ ಬಂದವು. ಮದ್ದು ಹಾರಿಸುವ ಮುನ್ನ ತೋರಿಸುವ ಕೆಂಪು ಬಾವುಟ ದಡದಲ್ಲಿ ಏಳುವುದೇ ತಡ, ಆಡಿನ ಸಮೇತ ಧೊಪ್ಪನೆ ಜಿಗಿದ.

ಪೆಟ್ಟಿಗೆ ಗೀಚಿದ ಕಾಗದವನ್ನು ಸಾಹೇಬರು ತಿರುಗಿಸಿ ಮುರುಗಿಸಿ ನೋಡಿದರು. "ಅಯ್ಯಣ್ಣಾರ, ಮದ್ದು ಹಾರೂಕಿಂತ ಮೊದಲ ನಿಮ್ಮ ಹೊಲಕ್ಕ ನಡುಕ ಬಂದದಲ್ರಿ."

"ನಾ ಹೇಳಿದ್ದಿಲ್ಲೇನ್ರಿ?" ಎಂದ ಅಯ್ಯಣ್ಣ, ಮೀಸೆ ತಿರುವುತ್ತ.

ಅಮೀರ್ ಸಾಬ ನಕ್ಕು ನಕ್ಕು ಮರಳಲ್ಲೇ ಕೂತುಬಿಟ್ಟ. ಸೇತುವೆ ಅವನ ಹೊಲಕ್ಕೇ ಹೋಯಿತು. ಅಯ್ಯಣ್ಣನ ಮುಖ ಬಾಡಿದ್ದು ನೋಡಿ ಸಾಹೇಬರಿಗೆ ಕರುಳು ಚುರುಕ್ಕೆಂದಿತು.

"ಬ್ಯಾಸರ ಮಾಡ್ಕೋಬ್ಯಾಡ್ರಿ. ನಿಮ್ಮ ಹೊಲದ ಕೆಳಗ ಕಲ್ಲು ಉದ್ದಕ್ಕ ಸೀಳ್ಯದ. ಇಂಥಾದ್ದು ಈ ಗಡ್ಡ್ಯಾಗ ನಿಮಗೊಬ್ಬರಿಗೇ ಅದ. ಸೀಳಿನಾಗ ನೀರು ನಿಂತಿರ್ತದ. ಬಾವಿ ತೋಡಿದ್ರ ಎಂದೂ ಬತ್ತೂದಿಲ್ಲ."

ಅಯ್ಯಣ್ಣನ ಎದೆ ಮತ್ತೆ ಉಬ್ಬಿತು. "ಕೇಳಿದೇನು? ನಮಗೊಬ್ಬರಿಗೇ ಅಂತ," ಎಂದ ಹೆಂಡತಿಗೆ.

ಮೂಕಮ್ಮ ಸುತ್ತ ನಾಲ್ಕೂ ದಿಕ್ಕಿಗೆ ಹರಿಯುತ್ತಿದ್ದ ಕೃಷ್ಣೆಯನ್ನು ನೋಡಿದಳು. ಆಗಷ್ಟೇ ಹೊಳೆಯಿಂದ ತುಂಬಿ ತಂದ ಕೊಡವನ್ನು ಸೊಂಟದಿಂದ ಇಳಿಸಿದಳು.

"ಹಂಗಾರ ಲಗೂ ತೋಡ್ರಿ. ನೀರಿಗಂತ ಹತ್ತು ಹೆಜ್ಜಿ ನಡದು ನಡದು ನನಗೂ ಸಾಕಾಗ್ಯದ."