ಕರಿಯನಿಗೊಂದು ಮೊಟ್ಟೆ

ಶ್ರೀರಂಗಪಟ್ಟಣದ ನಿವೃತ್ತ ಸಂಸ್ಕೃತ ಮೇಷ್ಟ್ರು ಶ್ರೀಕಂಠಯ್ಯನವರ ಮನೆ ನಾಯಿ ಕರಿಯ ಪರಮ ಸಾತ್ವಿಕ. ಬೆಳಿಗ್ಗೆ ಮೊಸರನ್ನ, ಮಧ್ಯಾಹ್ನ ಸಾರನ್ನ, ರಾತ್ರಿ ಮತ್ತೆ ಮೊಸರನ್ನ. ಏಕಾದಶಿಯಂದು ಅವಲಕ್ಕಿ. ಇಷ್ಟು ಶುದ್ಧಾಹಾರ ಉಂಡ ಪ್ರಾಣಿ ಋಷಿಯಂತೆ ತೇಜಸ್ಸಿನಿಂದ ಬೆಳಗಬೇಕಿತ್ತು. ಬದಲಿಗೆ ಕೂದಲು ಉದುರಿ, ಪಕ್ಕೆಲುಬು ಕಾಣಿಸಿ, ಅಪರಿಚಿತರು ಬಂದರೂ ಆಕಳಿಸುವಷ್ಟು ವೈರಾಗ್ಯ ಬಂದಿತ್ತು.

ಪಶುವೈದ್ಯೆ ಡಾಕ್ಟರ್ ಸ್ನೇಹ ಕರಿಯನನ್ನು ತಡವಿ ನೋಡಿ ಕೇಳಿದರು: “ಇದಕ್ಕೆ ಏನು ಹಾಕ್ತೀರಿ ಸರ್?”

“ನಾವು ಉಣ್ಣೋದೇ,” ಎಂದರು ಮೇಷ್ಟ್ರು ಹೆಮ್ಮೆಯಿಂದ.

“ಅದೇ ತೊಂದರೆ. ಬರೀ ಅನ್ನ ಸಾಲದು, ಪ್ರೋಟೀನ್ ಬೇಕು. ದಿನಾ ಒಂದು ಬೇಯಿಸಿದ ಮೊಟ್ಟೆ ಕೊಡಿ.”

“ಮೊಟ್ಟೆಯೇ? ಅದರ ಬದಲು ನೆನೆಸಿದ ಬಾದಾಮಿ...”

“ನಾಯಿಗೆ ಸರ್. ನಿಮಗಲ್ಲ.”

ಮನೆಯಲ್ಲಿ ಹೆಂಡತಿ ಇಂದಿರಮ್ಮ ತೀರ್ಪು ಕೊಟ್ಟರು. “ನಾಯಿ ಬದುಕಬೇಕು. ನನ್ನ ಅಡುಗೆಮನೇಲಿ ಮೊಟ್ಟೆ ಬೇಯಬಾರದು. ಹೇಗೆ ಅನ್ನೋದನ್ನ ನೀವು ನೋಡ್ಕೊಳ್ಳಿ.” (ಈ ಮನೆಯ ಎಲ್ಲ ತೀರ್ಪುಗಳ ಕೊನೆಯ ವಾಕ್ಯವೂ ಅದೇ.)

ಮೇಷ್ಟ್ರು ಪಕ್ಕದ ಬೀದಿಯ ಯಾಸಿನ್‌ನ ದಿನಸಿ ಅಂಗಡಿಗೆ ಹೋಗಿ, ಗಿರಾಕಿಗಳೆಲ್ಲ ಹೋಗುವ ತನಕ ಕಡಲೆಬೇಳೆ ಮೂಟೆಯನ್ನೇ ಪರೀಕ್ಷಿಸುತ್ತ ನಿಂತು, ವಿಷಯ ಉಸುರಿದರು. ಅಂಗಡಿಯ ಹಿಂದೆಯೇ ಮನೆ. ಯಾಸಿನ್‌ನ ತಾಯಿ ಶಾಹಜಹಾನ್ ಬೇಗಂ ನಕ್ಕುಬಿಟ್ಟರು.

“ಅರೆ ಮೇಷ್ಟ್ರೇ, ಮೂಕಪ್ರಾಣಿಗೆ ತಿನ್ಸಕ್ಕೆ ಯಾಕಿಷ್ಟು ನಾಚಿಕೆ? ದಿನಾ ಬೆಳಿಗ್ಗೆ ಕರ್ಕೊಂಬನ್ನಿ, ನಾನು ಬೇಯ್ಸಿಕೊಡ್ತೀನಿ.”

ಹೀಗೆ ವ್ರತ ಶುರುವಾಯಿತು. ಮೂಟೆಗಳ ಮರೆಯಲ್ಲಿ ಕುಕ್ಕರುಗಾಲಲ್ಲಿ ಕುಳಿತು, ಮೂಗಿಗೆ ಪಂಚೆಯ ತುದಿ ಹಿಡಿದು, ಮೇಷ್ಟ್ರು ಮೊಟ್ಟೆ ಮುರಿದು ತಿನ್ನಿಸುವರು. ಕರಿಯನ ಮೈ ಮಿರಮಿರ ಮಿಂಚತೊಡಗಿತು. ದಿನಾ ನಡೆದದ್ದಕ್ಕೋ ಏನೋ, ಮೇಷ್ಟ್ರ ಮುಖಕ್ಕೂ ಕಳೆ ಬಂತು. ಅದೇ ಮುಳುವಾಯಿತು.

ಒಂದು ಬೆಳಿಗ್ಗೆ ಬೆಲ್ಲಕ್ಕೆಂದು ಬಂದ ನೆರೆಮನೆಯ ರಂಗಸ್ವಾಮಿಗೆ ಮೂಟೆಯ ಮೇಲಿಂದ ಮೇಷ್ಟ್ರ ತಲೆ ಕಂಡಿತು, ಕೈಯಲ್ಲಿ ಸುಲಿದ ಮೊಟ್ಟೆ ಕಂಡಿತು. ಕೆಳಗಿದ್ದ ನಾಯಿ ಕಾಣಲಿಲ್ಲ. ಶನಿವಾರದ ಭಜನೆಯಲ್ಲಿ, ಯಾವಾಗಲೂ ಮೇಷ್ಟ್ರ ಕೈಗೇ ಬರುತ್ತಿದ್ದ ಮಂಗಳಾರತಿ ತಟ್ಟೆ ಅವರನ್ನು ದಾಟಿ ಮುಂದೆ ಹೋಯಿತು.

ರಂಗಸ್ವಾಮಿ ಹತ್ತಿರ ಬಂದು ಸಮಾಧಾನ ಹೇಳಿದ. “ವಯಸ್ಸಾದ್ಮೇಲೆ ಶಕ್ತಿ ಬೇಡ್ವಾ? ತಿನ್ನಿ ಬುಡಿ ಮೇಷ್ಟ್ರೇ. ನಾವೆಲ್ಲ ತಿನ್ನಲ್ವಾ? ಕದ್ದು ಯಾಕೆ ತಿಂತೀರಿ ಅಂತ ಅಷ್ಟೇಯ.”

ಬೈದಿದ್ದರೆ ಮೇಷ್ಟ್ರು ತಡೆದುಕೊಳ್ಳುತ್ತಿದ್ದರು. ಕ್ಷಮೆಯನ್ನು ತಡೆಯಲಾಗಲಿಲ್ಲ. “ನಾಳೆ ಬೆಳಿಗ್ಗೆ ಎಲ್ಲರೂ ಯಾಸಿನ್ ಅಂಗಡಿ ಮುಂದೆ ಬನ್ನಿ!” ಎಂದು ಗುಡುಗಿದರು. “ತಿನ್ನೋರು ಯಾರು ಅಂತ ಕಣ್ಣಾರೆ ನೋಡಿ!”

ಮರುದಿನ ಭಜನಾ ಮಂಡಳಿ ಪೂರ್ತಿ ನೆರೆಯಿತು. ಇಂದಿರಮ್ಮನೂ ಎದುರು ಜಗುಲಿಯ ಮೇಲೆ ನಿಂತರು. ಕರಿಯ ಎಂದಿನಂತೆ ಹಗ್ಗ ಬಿಡಿಸಿಕೊಂಡು ಮೊದಲೇ ಓಡಿಬಂದಿತ್ತು. ಇಷ್ಟು ದೊಡ್ಡವರ ಮುಂದೆ ನಾಯಿ ಹಸಿದು ನಿಲ್ಲಬಾರದೆಂದು ಶಾಹಜಹಾನ್ ಬೇಗಂ ಹಿತ್ತಿಲಲ್ಲಿ ಅದಕ್ಕೆ ಬಟ್ಟಲು ತುಂಬ ಬೇಯಿಸಿದ ಕೋಳಿ ಹಾಕಿದ್ದರು. ಈ ಸಂಗತಿ ಮೇಷ್ಟ್ರಿಗೆ ತಿಳಿಯದು.

ಮೇಷ್ಟ್ರು ಮೊಟ್ಟೆಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು ಕೂಗಿದರು: “ಕರಿಯಾ, ಬಾ!”

ಕರಿಯ ಬಂತು. ಮೂಸಿತು. ಹೊಟ್ಟೆಯಲ್ಲಿ ಜಾಗವಿರಲಿಲ್ಲ, ಆದರೂ ಯಜಮಾನರ ಮಾತು ಮೀರುವ ನಾಯಿ ಅದಲ್ಲ. ಮೊಟ್ಟೆಯನ್ನು ಬಾಯಲ್ಲಿ ಮೆಲ್ಲಗೆ ಹಿಡಿದು ಬೀದಿಯಲ್ಲಿ ಒಂದು ಸುತ್ತು ಹಾಕಿತು. ಆಮೇಲೆ ವಾಪಸು ಬಂದು, ಒಂದು ಹಲ್ಲೂ ತಾಗಿಸದೆ, ಮೇಷ್ಟ್ರ ಪಾದದ ಬಳಿ ಇಟ್ಟು ಬಾಲ ಆಡಿಸಿತು.



“ನೋಡ್ದ್ರಾ?” ಎಂದ ರಂಗಸ್ವಾಮಿ ಕಣ್ಣೊರೆಸಿಕೊಂಡು. “ಮೇಷ್ಟ್ರ ಪಾಲು ಅಂತ ಮುಟ್ಟೋದೇ ಇಲ್ಲ ಕಣ್ರಪ್ಪಾ! ಇಂತಾ ನಾಯಿ ಯಾರ ಮನೇಲದೆ?”

ಮನೆಗೆ ಬಂದ ಮೇಲೆ ಇಂದಿರಮ್ಮ ಬಾಗಿಲು ಹಾಕಿ, ದನಿ ತಗ್ಗಿಸಿ ಕೇಳಿದರು: “ರೀ, ನನ್ನ ಹತ್ತಿರವಾದ್ರೂ ನಿಜ ಹೇಳಿ. ಉಪ್ಪು ಮೆಣಸು ಹಾಕ್ಕೊಂಡು ತಿಂತಿದ್ರಾ, ಇಲ್ಲಾ ಹಾಗೇನಾ?”