ಪಟ್ಟಿ ಕಟ್ಟಿದ ಕಾಲು

ಅತನೂರಿನ ಪೈಲ್ವಾನ ಹುಲೆಪ್ಪ ಬೆಳಿಗ್ಗೆ ಬಚ್ಚಲ ಕಲ್ಲಿನ ಮೇಲೆ ಜಾರಿ ಬಿದ್ದ. ಎಡ ಮೊಣಕಾಲು ಕಟಕ್ಕೆಂದಿತು. ಅದೇ ಸಂಜೆ ಊರ ಅಖಾಡದಲ್ಲಿ ಜೇವರ್ಗಿಯ ಶರಫುದ್ದೀನನ ಜೊತೆ ಅವನ ಕುಸ್ತಿ. ಗೆದ್ದರೆ ಹುಡುಗರಿಗೆ ಕುಸ್ತಿ ಕಲಿಸುವ ತಾಲೀಮಿಗೆ ಅವನೇ ಉಸ್ತಾದ ಎಂದು ಜಗದೇವಪ್ಪ ಗೌಡರು ಮಾತು ಕೊಟ್ಟಿದ್ದರು. ವಯಸ್ಸು ನಲವತ್ತಕ್ಕೆ ಬಂದಿತ್ತು. ಸೋತರೆ ಕಂಡವರ ಹೊಲದಲ್ಲಿ ಕೂಲಿಯೇ ಗತಿ.

ಹಿತ್ತಲ ದಾರಿಯಿಂದ ಎಲುಬು ಕೂಡಿಸುವ ದಾವಲಸಾಬನ ಮನೆಗೆ ಹೋಗಿ, ಯಾರಿಗೂ ಹೇಳಬೇಡವೆಂದು ಕೈ ಹಿಡಿದುಕೊಂಡ. ದಾವಲಸಾಬ ಅಲ್ಲಾನ ಮೇಲೆ ಆಣೆ ಮಾಡಿದ. ಮಾತಿಗೆ ತಪ್ಪುವವನಲ್ಲ, ಹುಲೆಪ್ಪನ ಕಾಲಿಗೆ ಔಡಲ ಎಲೆ ಬೇಕೆಂದು ಹೆಂಡತಿ ಹಜರಾಬಿಗಷ್ಟೇ ಹೇಳಿದ. ಹಜರಾಬಿ ಎಲೆ ಕೇಳಲು ಪಕ್ಕದ ಮನೆಯ ಶರಣಬಸಮ್ಮನ ಹತ್ತಿರ ಹೋದಳು. ಯಾರಿಗೆ ಎಂದು ಆಕೆ ಕೇಳಿದಳು. ಎಲೆ ಕೊಡುವವಳಿಗೆ ಸುಳ್ಳು ಹೇಳುವುದಾದರೂ ಹೇಗೆ? ದಾವಲಸಾಬ ಎಲೆಯಿಟ್ಟು ಎಡ ಮೊಣಕಾಲಿಗೆ ಪಟ್ಟಿ ಬಿಗಿದ.

ಬಿಸಿಲೇರುವುದರೊಳಗೆ ಹುಲೆಪ್ಪನ ಮೊಣಕಾಲು ಊರಿನ ಸ್ವತ್ತಾಯಿತು. ಬಾವಿಕಟ್ಟೆಯಲ್ಲಿ ಚಿಪ್ಪು ಸರಿದಿತ್ತು, ಗಾಣದ ಮನೆಯಲ್ಲಿ ಒಡೆದಿತ್ತು, ಚಾವಡಿ ಮುಟ್ಟುವಾಗ ಕಾಲು ಕತ್ತರಿಸಲು ಗುಲಬರ್ಗಾದಿಂದ ಡಾಕ್ಟರು ಹೊರಟೇ ಬಿಟ್ಟಿದ್ದರು. ನೋಡಬಂದವರೆಲ್ಲ ಸಂತೆಯ ಬದನೆಕಾಯಿಯಂತೆ ಅದನ್ನು ಒತ್ತಿ ನೋಡಿ ಹೋದರು.

ಗೌಡರು ಕರೆಸಿದರು. “ಖರೇ ಏನೋ ಹುಲೆಪ್ಪ? ಕಾಲು ಮುರದಾದಂತ?”

“ಸುಳ್ಳರಿ ಗೌಡ್ರ. ಮಂದಿಗಿ ಕೆಲಸ ಇಲ್ಲ.”

ಹಾಗಾದರೆ ಇಪ್ಪತ್ತು ಬೈಠಕ್ ಹೊಡೆ ಎಂದರು. ಪಟ್ಟಿಯನ್ನು ಧೋತರದಡಿ ಮುಚ್ಚಿಕೊಂಡೇ ಹೊಡೆದ. ಕಡೆಕಡೆಗೆ ಕಣ್ಣೀರು ಬಂತು, ಬೆವರೆಂಬಂತೆ ಒರೆಸಿಕೊಂಡ.

ಮನೆಯಲ್ಲಿ ಹೆಂಡತಿ ಚಂದಮ್ಮ ಕುಸ್ತಿಗೆ ಹೋಗಬೇಡಿರೆಂದು ಅತ್ತಳು. ಅವನಿಗೆ ಬೇರೆಯೇ ಚಿಂತೆ. ಸುದ್ದಿ ಶರಫುದ್ದೀನನ ಕಿವಿಗೂ ಬಿದ್ದಿರುತ್ತದೆ. ಹಿಡಿದರೆ ಎಡಗಾಲನ್ನೇ ಹಿಡಿಯುತ್ತಾನೆ. ಯೋಚಿಸಿ ಯೋಚಿಸಿ ದಾವಲಸಾಬನ ಪಟ್ಟಿ ಬಿಚ್ಚಿದ. ಗುಂಡುಕಲ್ಲಿನಂತಿದ್ದ ಬಲ ಮೊಣಕಾಲಿಗೆ ಅದನ್ನು ಬಿಗಿದು, ಬಲಗಾಲೇ ಎಳೆಯುತ್ತ ಅಖಾಡಕ್ಕೆ ನಡೆದ. ಮೈಭಾರವೆಲ್ಲ ಎಡಗಾಲಿಗೆ ಬಿದ್ದು ಹೆಜ್ಜೆಹೆಜ್ಜೆಗೂ ಜೀವ ಬಾಯಿಗೆ ಬಂತು. ಗೌಡರು ಪಟ್ಟಿ ಕಂಡು ಮುಖ ತಿರುಗಿಸಿದರು.

ಶರಫುದ್ದೀನ ಮಣ್ಣು ಮುಟ್ಟಿ ಸಲಾಮು ಮಾಡಿದ. ಪಟ್ಟಿಯನ್ನು ಒಂದು ಗಳಿಗೆ ದಿಟ್ಟಿಸಿದ. ಹುಲೆಪ್ಪನಿಗೆ ಒಳಗೊಳಗೇ ಖುಷಿಯಾಯಿತು. ಕೈ ಕೂಡಿದ್ದೇ ತಡ, ಶರಫುದ್ದೀನ ಬಗ್ಗಿ ಎಡಗಾಲನ್ನು ಎಳೆದ. ಹುಲೆಪ್ಪ ಅಂಗಾತ ಬಿದ್ದು ಆಕಾಶ ನೋಡಿದ.

ಎತ್ತಲು ಗೆದ್ದವನೇ ಮೊದಲು ಬಂದ. ಹೆಗಲಿಗೆ ಹಾಕಿಕೊಂಡು, ಕಿವಿಯ ಹತ್ತಿರ ಮೆಲ್ಲಗೆ ಹೇಳಿದ:

“ಮಂದಿ ನಿಮ್ಮ ಎಡಗಾಲು ಹೋಗ್ಯಾದ ಅಂದ್ರುರಿ. ಪಟ್ಟಿ ನೋಡಿದ ಮ್ಯಾಲ ಬಲಗಾಲಂತ ಗೊತ್ತಾತು. ನೊಂದ ಕಾಲು ಹಿಡದು ಗೆಲ್ಲೂದು ಪೈಲ್ವಾನಕಿ ಅಲ್ರಿ. ಅದಕ್ಕ ಆ ಕಾಲು ಮುಟ್ಟಲೇ ಇಲ್ಲ.”

ಹುಲೆಪ್ಪ ಬಲ ಮೊಣಕಾಲನ್ನೇ ಹಿಡಿದುಕೊಂಡು, ಎಡಗಾಲಿನ ನೋವಿಗೆ ನರಳತೊಡಗಿದ.