ನಾನು ಪಾಪರ್ ಆಗದೇ ಹೋದದ್ದು

ಬಡತನವನ್ನು ಸಾಬೀತು ಮಾಡಿ ತೋರಿಸುವುದರಲ್ಲಿ ಇಡೀ ಪುಣೆಯಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಧೈರ್ಯದಿಂದಲೇ ಕೋರ್ಟಿಗೆ ಹೊರಟೆ. ಮೇಲಾಗಿ ಅಂದು ಬೆಳಗ್ಗೆಯೇ ಮಗಳು ಹೆತ್ತಿದ್ದಳು. ಮೊಮ್ಮಗಳು! ಬುಂದಿಕಾಳಿನಂಥ ಮೂಗು! ನನ್ನ ಕಾಲು ನೆಲದ ಮೇಲಿರಲಿಲ್ಲ.

ಅಪ್ಪ ಶುಕ್ರವಾರ ಪೇಟೆಯ ವಾಡೆಯಲ್ಲಿ ನನಗೆಂದು ಎರಡು ಕೋಣೆ ಬರೆದಿಟ್ಟಿದ್ದ. ತಮ್ಮ ಅದಕ್ಕೆ ಬೀಗ ಜಡಿದಿದ್ದ. ನಾವೋ ಒಂದೇ ಬಾಡಿಗೆ ಕೋಣೆಯಲ್ಲಿ. ಒಲೆಯ ಹೊಗೆಯಲ್ಲೇ ಬಾಣಂತಿ, ಹೊಗೆಯಲ್ಲೇ ಕೂಸು. ದಾವೆಯ ಶುಲ್ಕ ಕಟ್ಟಲಾಗದವರಿಗೆ 'ಪಾಪರ್ ದಾವೆ' ಎಂಬುದಿದೆಯಂತೆ. ಗತಿಯಿಲ್ಲದವಳೆಂದು ನ್ಯಾಯಾಧೀಶ ಸಾಹೇಬರು ವಿಚಾರಿಸಿ ಒಪ್ಪಿದರೆ ಶುಲ್ಕವಿಲ್ಲದೆ ದಾವೆ ನಡೆಯುತ್ತದೆ.

ನಮ್ಮ ಧಾರವಾಡದ ಕಡೆಯ ವಕೀಲರು ಪಾಠ ಹೇಳಿದ್ದರು. "ಏನ ಕೇಳಿದ್ರೂ 'ಇಲ್ಲ' ಅನ್ರಿ ಆಜೀ. ಇದ್ದದ್ದು ಮುಚ್ಚಿಟ್ರ ಮಾತ್ರ ಯೆರವಡಾ ಜೇಲು!"

ಮುಚ್ಚಿಡಲು ಏನಿತ್ತು!

ಹೊರಡುವಾಗ ಯಜಮಾನರು ಬಾಗಿಲಿಗೆ ಬಂದರು. "ಏ, ಕೂಸು ಹುಟ್ಟಿದ ದಿನ ಅದ. ಬಾಯಾಗ ಅಪಶಕುನದ ಮಾತು ಬರಬಾರದು ನೋಡು."

ಕೋರ್ಟಿನಲ್ಲಿ ಇಂಗ್ಲಿಷ್ ಸಾಹೇಬರು. ನನ್ನ ಮಾತು ಅವರಿಗೆ ತಿಳಿಸಲು ಬೆಳಗಾವಿ ಕಡೆಯ ಕಾರಕೂನ.

"ಮನ್ಯಾಗ ಅಕ್ಕಿ ಗಿಕ್ಕಿ ಅವ ಏನ್ರಿ?"

'ಇಲ್ಲ' ಎಂಬುದು ತುಟಿಯವರೆಗೆ ಬಂತು. ಹಸುಗೂಸಿನ ಮನೆಗೆ ಆ ಮಾತು ಅನ್ನುವುದೇ? ನಮ್ಮಲ್ಲಿ ಡಬ್ಬಿ ಬರಿದಾದರೆ 'ಮುಗಿಯಿತು' ಎನ್ನುವುದಿಲ್ಲ, 'ಹೆಚ್ಚಿತು' ಎನ್ನುತ್ತೇವೆ. ಬಳೆ ಒಡೆದರೂ ಹಾಗೆಯೇ.

"ಅಕ್ಕಿ ಹೆಚ್ಚ್ಯಾವ್ರಿ," ಎಂದೆ.

ಕಾರಕೂನ ಇಂಗ್ಲಿಷಿನಲ್ಲಿ ಏನೋ ಒದರಿದ. ಸಾಹೇಬರ ಹುಬ್ಬು ಮೇಲೇರಿತು.

"ಎಣ್ಣಿ?"

"ಅದೂ ಹೆಚ್ಚ್ಯದ."

"ಕೈಯಾಗಿನ ಬಳಿ?"

"ನಿನ್ನೆ ಭಾಂಡೆ ತಿಕ್ಕೂ ಮುಂದ ಅವೂ ಹೆಚ್ಚಿದವು!"

ಸಾಹೇಬರು ನಕ್ಕರು. ನನ್ನ ಕಷ್ಟ ಅವರ ಮನಸ್ಸಿಗೆ ಮುಟ್ಟಿತೆಂದು ನಾನೂ ನಕ್ಕೆ. ಎದುರಿಗೆ ಕುಳಿತ ತಮ್ಮನೂ ನಕ್ಕ. ಒಂದೇ ತಾಯಿಯಿಂದ ಈ ಮಾತು ಕಲಿತವನು. ಅರ್ಥ ಮಾತ್ರ ಬಾಯಿಬಿಟ್ಟು ಹೇಳಲಿಲ್ಲ.

ಅರ್ಜಿ ನಾಮಂಜೂರು! ಅಕ್ಕಿ, ಎಣ್ಣೆ, ಆಭರಣ ದಿನೇ ದಿನೇ ಬೆಳೆಯುತ್ತಿರುವ ಹೆಂಗಸು ಪಾಪರ್ ಹೇಗಾದಾಳು? ವಕೀಲರು ಎದ್ದು ಬಿಡಿಸಿ ಹೇಳಹೋದರು. ಪ್ರಮಾಣ ಮಾಡಿ ಆಡಿದ ಮಾತು, ಕೂತುಕೊಳ್ಳಿ ಎಂದರು ಸಾಹೇಬರು.

ಹೊರಗೆ ಕಾರಕೂನನನ್ನು ಹಿಡಿದೆ. "ಅಲ್ಲೋ ಅಪ್ಪಾ, ನಿಮ್ಮ ಅವ್ವನೂ ಹಿಂಗ ಅಂತಾಳಲ್ಲೋ?"

"ಅಂತಾಳ್ರಿ. ಮಾತು ದಾಟಿಸೂದು ನನ್ನ ನೌಕರಿ. ಅರ್ಥ ದಾಟಿಸೂದಲ್ಲ."

ಮನೆಯಲ್ಲಿ ಯಜಮಾನರು ಸುದ್ದಿ ಕೇಳಿ ಒಲೆಯ ಮುಂದಿನಿಂದ ಎದ್ದರು. ಆಮೇಲೆ, "ಜನ್ಮವೆಲ್ಲಾ ಖಾನಾವಳಿಯಾಗ ಸೌಟು ತಿರುವಿದ್ರೂ ನಿನ್ನ ಸಾವುಕಾರ್ತಿ ಮಾಡಲಿಕ್ಕೆ ಆಗಲಿಲ್ಲ ನನಗ. ನೀ ನಾಕ ಮಾತಿನಾಗ ಆಗಿ ಬಂದಿ!" ಎಂದರು.

ಮಗಳು ಗೋಡೆಗೆ ಮುಖ ತಿರುಗಿಸಿ ಕೆಮ್ಮಿದಳು. ನಾನು ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು, ಹೊಗೆ ತಾಗದಿರಲೆಂದು ಹೊಸ್ತಿಲು ದಾಟಿ ಬಂದು ಕುಳಿತೆ. ಸರ್ಕಾರವೇ ಠರಾಯಿಸಿದ ಶ್ರೀಮಂತ ಅಜ್ಜಿ, ಮೊಮ್ಮಗಳ ಸಮೇತ, ಬೀದಿಯಲ್ಲಿ!